ಕಾನವಿಂದೆ ಮತ್ತು ರಾಯ್: ಒಂದು ಕಚೇರಿ ಕಟ್ಟಿದ ಆವರಣಗಳು

1955ರಲ್ಲಿ ದೆಹಲಿಯಲ್ಲಿ ಬಾಗಿಲು ತೆರೆದ ಒಂದು ಕಚೇರಿಯ ಫಲಕದಲ್ಲಿ ಇಬ್ಬರ ಹೆಸರಿತ್ತು. ಮೊದಲನೆಯವರು ಅಚ್ಯುತ ಪುರುಷೋತ್ತಮ ಕಾನವಿಂದೆ, ವಾಸ್ತುಶಿಲ್ಪಿ. ಎರಡನೆಯವರು ಶೌಕತ್ ರಾಯ್, ಸ್ಟ್ರಕ್ಚರಲ್ ಎಂಜಿನಿಯರ್. ನಕ್ಷೆ ಬರೆಯುವವರ ಹೆಸರು ಮುಂದೆ ನಿಂತು, ಕಂಬ ತೊಲೆಗಳ ಲೆಕ್ಕ ಹಾಕುವವರು ಹಿಂದೆ ಉಳಿಯುವುದು ಈ ವೃತ್ತಿಯಲ್ಲಿ ಆಗಲೂ ರೂಢಿ, ಈಗಲೂ ರೂಢಿ. ‘ಕಾನವಿಂದೆ ಮತ್ತು ರಾಯ್’ ಎಂಬ ಹೆಸರು ಆ ರೂಢಿಯನ್ನು ಮೊದಲ ದಿನವೇ ಬಿಟ್ಟುಕೊಟ್ಟಿತು. ಮುಂದೆ ಈ ಕಚೇರಿ ಕಟ್ಟಿದ್ದನ್ನೆಲ್ಲ ನೋಡಿದಾಗ, ಜೋಡಿ ಹೆಸರು ಬರಿಯ ಸೌಜನ್ಯದ ಮಾತಾಗಿರಲಿಲ್ಲ ಎಂದು ತಿಳಿಯುತ್ತದೆ. ಅವರ ಕಟ್ಟಡಗಳಲ್ಲಿ ಎಂಜಿನಿಯರ್ ಮಾಡಿದ ಕೆಲಸವನ್ನು ಗಿಲಾವಿನ ಹಿಂದೆ ಮುಚ್ಚಿಟ್ಟಿಲ್ಲ. ಕಂಬ ಕಂಬವಾಗಿಯೇ, ಬೀಮ್ ಬೀಮ್ ಆಗಿಯೇ ಹೊರಗೆ ಕಾಣುತ್ತವೆ.

ಕಾನವಿಂದೆ ಹುಟ್ಟಿದ್ದು 1916ರಲ್ಲಿ, ಕೊಂಕಣ ಕರಾವಳಿಯ ಆಚರಾ ಎಂಬ ಹಳ್ಳಿಯಲ್ಲಿ. ಮಾಲವಣದ ಬಳಿಯ ಈ ಊರು ಇಂದು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಗೆ ಸೇರಿದೆ. ತಂದೆ ಚಿತ್ರಕಲೆಯ ಮೇಷ್ಟರು. ಮಗನಿಗೂ ಕುಂಚದ ಮೇಲೆಯೇ ಮನಸ್ಸು. ಆ ಆಸೆ ತಿರುವು ಪಡೆದು ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯ ವಾಸ್ತುಶಿಲ್ಪ ವಿಭಾಗಕ್ಕೆ ಬಂದು ನಿಂತಿತು. ಆಗ ಅಲ್ಲಿ ಕ್ಲಾಡ್ ಬ್ಯಾಟ್ಲಿಯವರ ಪ್ರಭಾವ ದೊಡ್ಡದು. ಇಂಗ್ಲೆಂಡಿನಿಂದ ಬಂದ ಬ್ಯಾಟ್ಲಿ ಪಾಠ ಹೇಳುವುದರ ಜೊತೆಗೆ ಗ್ರೆಗ್ಸನ್, ಬ್ಯಾಟ್ಲಿ ಅಂಡ್ ಕಿಂಗ್ ಎಂಬ ಹೆಸರಾಂತ ಕಚೇರಿಯ ಪಾಲುದಾರರೂ ಆಗಿದ್ದರು. ಭಾರತದ ಹಳೆಯ ಕಟ್ಟಡಗಳನ್ನು ಅಳೆದು, ಬಿಡಿಸಿ, ಅರ್ಥಮಾಡಿಕೊಳ್ಳಬೇಕು ಎಂಬುದು ಅವರ ಪಟ್ಟು. ಹೀಗೆ ಕಲಿತ ಹುಡುಗ ಕೆಲವೇ ವರ್ಷಗಳಲ್ಲಿ ಹಳೆಯ ಅಲಂಕಾರದ ಒಂದು ಗೆರೆಯೂ ಇಲ್ಲದ ಕಟ್ಟಡಗಳನ್ನು ಕಟ್ಟಿದ. ಆದರೂ ಅಂಗಳ, ನೆರಳು, ಗಾಳಿಯ ದಾರಿ ಇವುಗಳ ಬಗ್ಗೆ ಕಾನವಿಂದೆಯವರಿಗೆ ಕೊನೆಯವರೆಗೂ ಇದ್ದ ಎಚ್ಚರಕ್ಕೆ ಬ್ಯಾಟ್ಲಿಯ ತರಗತಿಯೂ ಒಂದಿಷ್ಟು ಕಾರಣ ಎಂದು ನನಗೆ ಅನ್ನಿಸುತ್ತದೆ.

1943ರಲ್ಲಿ ಅವರು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯನ್ನು, ಅಂದರೆ ಸಿಎಸ್‌ಐಆರ್ ಅನ್ನು ಸೇರಿದರು. ಮಂಡಳಿಯ ಚುಕ್ಕಾಣಿ ಶಾಂತಿಸ್ವರೂಪ ಭಟ್ನಾಗರ್ ಅವರ ಕೈಯಲ್ಲಿತ್ತು. ಯುದ್ಧ ಇನ್ನೂ ಮುಗಿದಿರಲಿಲ್ಲ, ಸ್ವಾತಂತ್ರ್ಯ ಬಂದಿರಲಿಲ್ಲ. ಆದರೂ ದೇಶದ ತುಂಬ ರಾಷ್ಟ್ರೀಯ ಪ್ರಯೋಗಾಲಯಗಳ ಸರಣಿ ಕಟ್ಟುವ ಯೋಜನೆ ಭಟ್ನಾಗರ್ ಅವರ ಮನಸ್ಸಿನಲ್ಲಿ ಸಿದ್ಧವಾಗುತ್ತಿತ್ತು. ಪ್ರಯೋಗಾಲಯ ಎಂದರೆ ಅನಿಲದ ಕೊಳವೆ, ನೀರಿನ ಕೊಳವೆ, ವಿದ್ಯುತ್ತಿನ ತಂತಿ, ವಿಷದ ಹೊಗೆಯನ್ನು ಹೊರಹಾಕುವ ವ್ಯವಸ್ಥೆ, ಕಂಪನ ತಾಗದ ಮೇಜು. ಇವನ್ನೆಲ್ಲ ಬಲ್ಲ ವಾಸ್ತುಶಿಲ್ಪಿಗಳು ನಮ್ಮಲ್ಲಿ ಇರಲಿಲ್ಲವೆಂದೇ ಹೇಳಬೇಕು. ಆಗಿನ ಕಾಲದಲ್ಲಿ ಸಂಸ್ಥೆಗಳಿಗೆ ಸಿಗುತ್ತಿದ್ದ ಜಾಗ ಎಂಥದು ಎಂಬುದಕ್ಕೆ ಮೈಸೂರೇ ಸಾಕ್ಷಿ. 1950ರಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ ನೆಲೆ ಕಂಡದ್ದು ರಾಜಮನೆತನದ ಚೆಲುವಾಂಬ ವಿಲಾಸದಲ್ಲಿ. ಲಖನೌದ ಔಷಧ ಸಂಶೋಧನಾ ಸಂಸ್ಥೆಗೂ ನವಾಬರ ಕಾಲದ ಅರಮನೆ, ಛತರ್ ಮಂಜಿಲ್ ದೊರೆಯಿತು. ಅರಮನೆ ನೋಡಲು ಚಂದ. ರಸಾಯನಶಾಸ್ತ್ರಕ್ಕೆ ಬೇಕಾದ್ದು ಬೇರೆ.

ಆದ್ದರಿಂದಲೇ 1945ರಲ್ಲಿ ಸರ್ಕಾರ ಕಾನವಿಂದೆಯವರನ್ನು ಅಮೆರಿಕಕ್ಕೆ ಕಳುಹಿಸಿತು. ಹಾರ್ವರ್ಡ್‌ನಲ್ಲಿ ಅವರಿಗೆ ಸಿಕ್ಕ ಗುರು ವಾಲ್ಟರ್ ಗ್ರೋಪಿಯಸ್. 1919ರಲ್ಲಿ ಜರ್ಮನಿಯಲ್ಲಿ ಬೌಹೌಸ್ ಶಾಲೆಯನ್ನು ಸ್ಥಾಪಿಸಿ, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು, 1937ರಿಂದ ಹಾರ್ವರ್ಡ್‌ನಲ್ಲಿ ಕಲಿಸುತ್ತಿದ್ದವರು. ಕಟ್ಟಡ ಒಬ್ಬ ಮೇಧಾವಿಯ ತಲೆಯಿಂದ ಇಳಿದು ಬರುವುದಲ್ಲ, ಹಲವರು ಕೂತು ಸಮಸ್ಯೆ ಬಿಡಿಸುವ ಕೆಲಸ ಎಂಬುದು ಗ್ರೋಪಿಯಸ್ ನಂಬಿಕೆ. ಅದನ್ನು ಅವರು ತರಗತಿಯ ಮಾತಿಗಷ್ಟೇ ಬಿಡಲಿಲ್ಲ. 1945ರ ಕೊನೆಯಲ್ಲಿ ಏಳು ಮಂದಿ ಕಿರಿಯರ ಜೊತೆ ಸೇರಿ ‘ದಿ ಆರ್ಕಿಟೆಕ್ಟ್ಸ್ ಕೊಲಾಬರೇಟಿವ್’ ಎಂಬ ಕಚೇರಿ ತೆರೆದರು. ಆ ಏಳು ಮಂದಿಯಲ್ಲಿ ಇಬ್ಬರು ಮಹಿಳೆಯರು. ಜಗತ್ತಿನಲ್ಲೇ ಹೆಸರಾಗಿದ್ದ ಗ್ರೋಪಿಯಸ್ ತಮ್ಮ ಹೆಸರನ್ನು ಫಲಕದ ಮೇಲೆ ಹಾಕಿಕೊಳ್ಳಲಿಲ್ಲ. ಕಾನವಿಂದೆ ಅಲ್ಲಿ ವಿದ್ಯಾರ್ಥಿಯಾಗಿದ್ದ ವರ್ಷಗಳು ಇವೇ. ಹತ್ತು ವರ್ಷದ ಬಳಿಕ ದೆಹಲಿಯಲ್ಲಿ ಎಂಜಿನಿಯರ್ ಒಬ್ಬರನ್ನು ಸಮಾನ ಪಾಲುದಾರರನ್ನಾಗಿ ಪಕ್ಕದಲ್ಲಿ ಕೂರಿಸಿಕೊಂಡವರಿಗೆ ಈ ಮಾದರಿ ನೆನಪಿರದೇ ಇದ್ದೀತೆ?

1947ರಲ್ಲಿ ಮರಳಿ ಬಂದವರು ಸಿಎಸ್‌ಐಆರ್‌ನ ಮುಖ್ಯ ವಾಸ್ತುಶಿಲ್ಪಿಯಾದರು. ಪಿಲಾನಿಯ ಎಲೆಕ್ಟ್ರಾನಿಕ್ಸ್ ಸಂಶೋಧನಾ ಸಂಸ್ಥೆ ಆ ಕಾಲದ ಕೆಲಸ. ಆದರೆ ಅವರ ಹೆಸರನ್ನು ವೃತ್ತಿಯವರ ನಡುವೆ ಎತ್ತಿ ನಿಲ್ಲಿಸಿದ್ದು ಅಹಮದಾಬಾದಿನ ಎರಡು ಕಟ್ಟಡಗಳು: ಜವಳಿ ಗಿರಣಿಗಳ ಸಂಶೋಧನಾ ಸಂಸ್ಥೆಯಾದ ‘ಅಟಿರಾ’ ಮತ್ತು ಭೌತ ಸಂಶೋಧನಾ ಪ್ರಯೋಗಾಲಯ. ಎರಡರ ಹಿಂದೆಯೂ ಯುವ ವಿಜ್ಞಾನಿ ವಿಕ್ರಮ್ ಸಾರಾಭಾಯಿ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ನಡೆಸಿದ್ದ ಸಾರಾಭಾಯಿ, ಭೌತ ಪ್ರಯೋಗಾಲಯದ ಅಡಿಗಲ್ಲಿಡಲು 1952ರಲ್ಲಿ ರಾಮನ್ ಅವರನ್ನೇ ಕರೆಸಿದರು. 1954ರಲ್ಲಿ ನೆಹರೂ ಅದನ್ನು ಉದ್ಘಾಟಿಸಿದರು. ಅಹಮದಾಬಾದ್ ಎಂದೊಡನೆ ವಾಸ್ತುಶಿಲ್ಪದ ಓದುಗರಿಗೆ ಲ ಕಾರ್ಬುಸಿಯೆ ನೆನಪಾಗುತ್ತಾರೆ, ಲೂಯಿ ಕಾನ್ ನೆನಪಾಗುತ್ತಾರೆ. ಕಾರ್ಬುಸಿಯೆ ಅವರ ಗಿರಣಿ ಮಾಲೀಕರ ಸಂಘದ ಕಟ್ಟಡ ಮೇಲೇಳುವ ಹೊತ್ತಿಗೆ, ಅದೇ ಗಿರಣಿ ಮಾಲೀಕರ ಪ್ರಯೋಗಾಲಯವನ್ನು ಕೊಂಕಣದ ಈ ಸರ್ಕಾರಿ ವಾಸ್ತುಶಿಲ್ಪಿ ಆಧುನಿಕ ರೀತಿಯಲ್ಲಿ ಕಟ್ಟಿಕೊಟ್ಟಿದ್ದರು. ಈ ಸರದಿಯನ್ನು ನಮ್ಮ ಇತಿಹಾಸಗಳು ಅಷ್ಟಾಗಿ ಹೇಳುವುದಿಲ್ಲ.

ಸರ್ಕಾರಿ ನೌಕರಿ ಬಿಟ್ಟು ಸ್ವಂತ ಕಚೇರಿ ತೆರೆಯುವುದು 1955ರಲ್ಲಿ ಹಗುರವಾದ ತೀರ್ಮಾನವಾಗಿರಲಿಲ್ಲ. ದೊಡ್ಡ ಕಟ್ಟಡಗಳೆಲ್ಲ ಸರ್ಕಾರದವು; ಅವುಗಳ ಬಹುಪಾಲು ನಕ್ಷೆ ಲೋಕೋಪಯೋಗಿ ಇಲಾಖೆಗಳ ಒಳಗೇ ತಯಾರಾಗುತ್ತಿತ್ತು. ಆದರೆ ಕಾಲವೂ ಅವರ ಕಡೆಗಿತ್ತು. ಎರಡನೆಯ ಪಂಚವಾರ್ಷಿಕ ಯೋಜನೆ ಹೊಸ್ತಿಲಲ್ಲಿತ್ತು. ಐಐಟಿಗಳು, ಕೃಷಿ ವಿಶ್ವವಿದ್ಯಾಲಯಗಳು, ಹಾಲಿನ ಡೇರಿಗಳು, ವಿಜ್ಞಾನ ಸಂಗ್ರಹಾಲಯಗಳು, ಹೀಗೆ ದೇಶಕ್ಕೆ ಬೇಕಾಗಿದ್ದ ಕಟ್ಟಡಗಳಲ್ಲಿ ಅನೇಕವು ಇಲ್ಲಿ ಹಿಂದೆ ಯಾರೂ ಕಟ್ಟಿರದ ಬಗೆಯವು. ಅರಮನೆಗೆ, ದೇವಸ್ಥಾನಕ್ಕೆ, ಕಚೇರಿಗೆ ಮಾದರಿಗಳಿದ್ದವು. ಮೂರು ಸಾವಿರ ಜನ ವಾಸಿಸಿ, ಓದಿ, ಯಂತ್ರ ಓಡಿಸುವ ಆವರಣಕ್ಕೆ ಮಾದರಿ ಇರಲಿಲ್ಲ. ಈ ಕೆಲಸ ಹಿಡಿದವರು ಮೊದಲು ಪ್ರಶ್ನೆ ಕೇಳಬೇಕು, ಆಮೇಲೆ ಪೆನ್ಸಿಲ್ ಹಿಡಿಯಬೇಕು. ಕಾನವಿಂದೆ ಹಾಗೆ ಕೇಳುವ ಜಾತಿಯವರು.

1959ರ ಮಾರ್ಚ್‌ನಲ್ಲಿ ಲಲಿತಕಲಾ ಅಕಾಡೆಮಿ ದೆಹಲಿಯಲ್ಲಿ ವಾಸ್ತುಶಿಲ್ಪದ ಬಗ್ಗೆ ವಿಚಾರಸಂಕಿರಣ ನಡೆಸಿದಾಗ ಅದರ ಸಂಚಾಲಕತ್ವ ವಹಿಸಿದವರು ಇವರೇ, ಉದ್ಘಾಟಿಸಿದವರು ನೆಹರೂ. ಸ್ವತಂತ್ರ ಭಾರತದ ಕಟ್ಟಡ ಹೇಗಿರಬೇಕು, ಗುಮ್ಮಟ ಕಮಾನುಗಳನ್ನು ಹಚ್ಚಿಕೊಂಡರೆ ಅದು ಭಾರತೀಯವಾಗುತ್ತದೆಯೇ ಎಂಬ ವಾದ ಆಗ ಕಾವೇರಿತ್ತು. ನಮ್ಮ ವಿಧಾನಸೌಧ ಮುಗಿದು ಹೆಚ್ಚು ದಿನವಾಗಿರಲಿಲ್ಲ. ವಿಧಾನಸೌಧ ಒಂದು ಉತ್ತರ. ಕಾನವಿಂದೆಯವರ ಉತ್ತರ ಅದೇ ವರ್ಷ ಹುಟ್ಟಿದ ಕಾನ್ಪುರದ ಐಐಟಿಗಾಗಿ ತಯಾರಾಯಿತು.

ಕಾನ್ಪುರದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಈ ಕಚೇರಿಯ ಸ್ವಭಾವವೆಲ್ಲ ಅಲ್ಲಿದೆ. ಸಂಸ್ಥೆಯ ಮೊದಲ ನಿರ್ದೇಶಕ ಪಿ.ಕೆ. ಕೇಳ್ಕರ್, ಹುಟ್ಟಿದ್ದು ಧಾರವಾಡದಲ್ಲಿ, ಓದಿದ ಜಾಗಗಳಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯೂ ಒಂದು. ತರಗತಿಗಳು ಮೊದಲು ಕಾನ್ಪುರ ನಗರದ ಹಾರ್ಕೋರ್ಟ್ ಬಟ್ಲರ್ ತಾಂತ್ರಿಕ ಸಂಸ್ಥೆಯ ಆಶ್ರಯದಲ್ಲಿ ಆರಂಭವಾದವು. ನಗರದಾಚೆ ಕಲ್ಯಾಣಪುರದಲ್ಲಿ ಸಾವಿರ ಎಕರೆ ಮೀರಿದ ಬಯಲು ಕಾಯುತ್ತಿತ್ತು. ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯಗಳ ಒಕ್ಕೂಟ 1962ರಿಂದ ಹತ್ತು ವರ್ಷ ಈ ಸಂಸ್ಥೆಯ ಕೈಹಿಡಿಯಿತು. 1963ರಲ್ಲಿ ಐಬಿಎಂ 1620 ಕಂಪ್ಯೂಟರ್ ಬಂದಿಳಿಯಿತು. ದೇಶದ ಎಂಜಿನಿಯರಿಂಗ್ ಶಿಕ್ಷಣದಲ್ಲಿ ಕಂಪ್ಯೂಟರ್ ಇಷ್ಟು ಬೇಗ, ಇಷ್ಟು ಗಟ್ಟಿಯಾಗಿ ಬೇರೂರಿದ ಜಾಗ ಇನ್ನೊಂದಿಲ್ಲ. ಮೈಸೂರಿನಲ್ಲಿ ಬಿ.ಇ. ಮುಗಿಸಿದ ಎನ್.ಆರ್. ನಾರಾಯಣಮೂರ್ತಿ ಎಂ.ಟೆಕ್.ಗೆ ಹೋದದ್ದು ಇದೇ ಆವರಣಕ್ಕೆ.

ಕಾನ್ಪುರದ ಹವೆ ವಾಸ್ತುಶಿಲ್ಪಿಯ ಪರೀಕ್ಷೆ ಮಾಡುತ್ತದೆ. ಮೇ-ಜೂನ್‌ನಲ್ಲಿ ‘ಲೂ’ ಎಂಬ ಬಿಸಿಗಾಳಿ, ಆಮೇಲೆ ಜಡಿಮಳೆ, ಜನವರಿಯಲ್ಲಿ ಮೂಳೆ ಕೊರೆಯುವ ಮಂಜು. ಕಾನವಿಂದೆ ಮೊದಲು ಮಾಡಿದ್ದು ಮನುಷ್ಯರನ್ನೂ ಮೋಟಾರುಗಳನ್ನೂ ಬೇರ್ಪಡಿಸಿದ್ದು. ವಾಹನಗಳ ರಸ್ತೆ ಹೊರಸುತ್ತಿನಲ್ಲಿ. ಒಳಗೆ ಗ್ರಂಥಾಲಯ, ಉಪನ್ಯಾಸ ಮಂದಿರಗಳು, ಅಧ್ಯಾಪಕರ ಕೊಠಡಿಗಳು, ಪ್ರಯೋಗಾಲಯಗಳು ಎಲ್ಲವೂ ನಡೆದು ತಲುಪುವ ದೂರದಲ್ಲಿ. ಅವನ್ನು ಹೆಣೆಯುವುದು ಉದ್ದನೆಯ ನಡಿಗೆ ದಾರಿಗಳು. ಮೇಲಿನ ಅಂತಸ್ತಿನಲ್ಲಿ ಓಡುವ ದಾರಿಯೇ ಕೆಳಗೆ ನಡೆಯುವವರಿಗೆ ಚಾವಣಿ. ಬಿಸಿಲಿಗೂ ಮಳೆಗೂ ತಲೆ ಕೊಡದೆ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗಬಹುದು. ರಸಾಯನಶಾಸ್ತ್ರದವನೂ ವಿಮಾನ ಎಂಜಿನಿಯರಿಂಗ್‌ನವನೂ ದಾರಿಯಲ್ಲಿ ಎದುರಾಗಲೇಬೇಕು. ವಿಭಾಗಕ್ಕೊಂದು ಕಟ್ಟಡ, ಕಟ್ಟಡಕ್ಕೊಂದು ಕಾಂಪೌಂಡು ಎಂಬ ನಮ್ಮ ಕಾಲೇಜುಗಳ ಪದ್ಧತಿಗೆ ಇದು ತೀರ ವಿರುದ್ಧ. ವಿಜ್ಞಾನದ ವಿಭಾಗಗಳ ನಡುವಿನ ಗೋಡೆ ಒಡೆಯಬೇಕು ಎಂದು ಸಂಸ್ಥೆ ಮಾತಿನಲ್ಲಿ ಹೇಳುತ್ತಿದ್ದುದನ್ನು ವಾಸ್ತುಶಿಲ್ಪಿ ನೆಲದ ಮೇಲೆ ಮಾಡಿಟ್ಟರು.

ಕಟ್ಟಿದ ಬಗೆಯೂ ಸರಳ. ಕಾಂಕ್ರೀಟಿನ ಚೌಕಟ್ಟು, ನಡುವೆ ಇಟ್ಟಿಗೆ. ಇಟ್ಟಿಗೆಗೆ ಗಿಲಾವಿಲ್ಲ, ಕಾಂಕ್ರೀಟಿಗೆ ಬಣ್ಣವಿಲ್ಲ. ಗಂಗೆಯ ಬಯಲಿನಲ್ಲಿ ಕಲ್ಲು ದುಬಾರಿ, ಇಟ್ಟಿಗೆ ಎಲ್ಲೆಂದರಲ್ಲಿ ಸಿಗುತ್ತದೆ. ಪ್ರತಿ ವರ್ಷ ಸುಣ್ಣಬಣ್ಣಕ್ಕೆ ಹಣ ಸುರಿಯುವ ಶಕ್ತಿ ಆಗಿನ ಸರ್ಕಾರಕ್ಕೆ ಇರಲಿಲ್ಲ. ಹೀಗೆ ಬಿಚ್ಚಾಗಿ ಬಿಡುವುದು ಅಗ್ಗ ಎಂದು ಅಂದುಕೊಳ್ಳುವವರು ಒಮ್ಮೆ ಯಾವುದಾದರೂ ಮೇಸ್ತ್ರಿಯನ್ನು ಕೇಳಬೇಕು. ಗಿಲಾವು ಬರುತ್ತದೆ ಎಂದು ಗೊತ್ತಿದ್ದರೆ ಗೋಡೆ ಒಂದು ಬೆರಳು ಆಚೀಚೆಯಾದರೂ ನಡೆಯುತ್ತದೆ. ಗಿಲಾವೇ ಇಲ್ಲದಿದ್ದರೆ ಪ್ರತಿ ವರಸೆ ನೆಟ್ಟಗಿರಬೇಕು, ಸೆಂಟ್ರಿಂಗ್ ಹಲಗೆಯ ಸಂದು ಕೂಡ ಲೆಕ್ಕದಲ್ಲಿರಬೇಕು. ಶೌಕತ್ ರಾಯ್ ಅವರ ಪಾಲು ಎಷ್ಟು ದೊಡ್ಡದು ಎಂಬುದು ಇಂಥ ಜಾಗದಲ್ಲಿ ಅರಿವಾಗುತ್ತದೆ. ಕಂಬಗಳ ಅಂತರ, ತೊಲೆಯ ಆಳ ಎಲ್ಲವೂ ಕಣ್ಣಿಗೆ ಕಾಣುವಂಥವೇ ಆದಾಗ ಎಂಜಿನಿಯರಿನ ಲೆಕ್ಕವೇ ಕಟ್ಟಡದ ಮುಖವಾಗುತ್ತದೆ.

ಕಾನ್ಪುರ ಕಟ್ಟಿದ ಅನುಭವವನ್ನು ಕಾನವಿಂದೆ ಒಳಗೇ ಇಟ್ಟುಕೊಳ್ಳಲಿಲ್ಲ. ಎಚ್. ಜೇಮ್ಸ್ ಮಿಲ್ಲರ್ ಎಂಬ ಅಮೆರಿಕನ್ ಸಹೋದ್ಯೋಗಿಯ ಜೊತೆ ಭಾರತದ ಶಿಕ್ಷಣ ಆವರಣಗಳ ವಿನ್ಯಾಸದ ಬಗ್ಗೆ ಬರೆದ ಪುಸ್ತಕ 1969ರಲ್ಲಿ ಹೊರಬಂತು. ತಮ್ಮ ಕಟ್ಟಡಗಳ ಫೋಟೋ ಆಲ್ಬಮ್ ಮಾಡುವ ವಾಸ್ತುಶಿಲ್ಪಿಗಳು ಅನೇಕರಿದ್ದಾರೆ. ಬೇರೆಯವರು ಮುಂದೆ ಬಳಸಿಕೊಳ್ಳಲಿ ಎಂದು ಕೈಪಿಡಿ ಬರೆಯುವವರು ಕಡಿಮೆ.

ಅದೇ 1969ರಲ್ಲಿ ಬೆಂಗಳೂರಿನ ಉತ್ತರಕ್ಕೆ, ಬಳ್ಳಾರಿ ರಸ್ತೆಯ ಬದಿಯಲ್ಲಿ ಇನ್ನೊಂದು ಆವರಣದ ಅಡಿಗಲ್ಲು ಬಿತ್ತು. ಮೈಸೂರು ರಾಜ್ಯದ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಆರಂಭವಾಗಿ ಹೆಬ್ಬಾಳದಲ್ಲಿ ನೆಲೆಸಿತ್ತು, ಕೆ.ಸಿ. ನಾಯಕ್ ಮೊದಲ ಕುಲಪತಿ. ಪಾಠ, ಸಂಶೋಧನೆ, ರೈತರಿಗೆ ತಿಳಿವಳಿಕೆ ಮೂರನ್ನೂ ಒಂದೇ ಸಂಸ್ಥೆ ಹೊರಬೇಕು ಎಂಬ ಅಮೆರಿಕದ ಮಾದರಿಯನ್ನು ಅನುಸರಿಸಿದ ಈ ವಿಶ್ವವಿದ್ಯಾಲಯಕ್ಕೆ ಹೆಬ್ಬಾಳದ ಜಾಗ ಸಾಲಲಿಲ್ಲ. ಸುಮಾರು 1,300 ಎಕರೆಯ ಹೊಸ ನೆಲದಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಎಲ್ಲರ ಬಾಯಲ್ಲಿ ಜಿಕೆವಿಕೆ, ರೂಪುಗೊಂಡಿತು. ಶಂಕುಸ್ಥಾಪನೆ ಮಾಡಿದವರು ಇಂದಿರಾ ಗಾಂಧಿ. ವಿನ್ಯಾಸ ಕಾನವಿಂದೆ ಮತ್ತು ರಾಯ್ ಅವರದು.

ಕಾನ್ಪುರದ ನಕ್ಷೆಯನ್ನೇ ಇಲ್ಲಿಗೆ ಎತ್ತಿ ತರಬಹುದಿತ್ತು. ತರಲಿಲ್ಲ. ಬೆಂಗಳೂರಿನ ಹವೆ ಮನುಷ್ಯನನ್ನು ಒಳಗೆ ಓಡಿಸುವುದಿಲ್ಲ, ಹೊರಗೆ ಕರೆಯುತ್ತದೆ. ಇಲ್ಲಿನ ನೆಲ ಗಂಗೆಯ ಬಯಲಿನಂತೆ ಸಪಾಟಲ್ಲ, ಏರಿಳಿತದ್ದು. ಇಟ್ಟಿಗೆಗಿಂತ ಕಲ್ಲಿಗೆ ಇಲ್ಲಿ ಹೆಚ್ಚು ಹೆಸರು. ಆದ್ದರಿಂದ ಕಟ್ಟಡಗಳು ನೆಲಕ್ಕೆ ಒರಗಿಕೊಂಡು, ಸ್ಥಳೀಯ ಕಲ್ಲನ್ನೂ ಕಾಂಕ್ರೀಟನ್ನೂ ಜೋಡಿಸಿಕೊಂಡು, ಮರಗಳಿಗೆ ಎಡೆ ಬಿಟ್ಟು ನಿಂತವು. ಜಿಕೆವಿಕೆಗೆ ವಿಧಾನಸೌಧದಂತೆ ನಿಂತು ನೋಡುವ ಮುಂಭಾಗವಿಲ್ಲ. ಒಳಗೆ ನಡೆದಾಡಿದವರಿಗೆ ಮಾತ್ರ ಅದರ ಅಚ್ಚುಕಟ್ಟು ತಿಳಿಯುವುದು. ಕೃಷಿಮೇಳಕ್ಕೆ ಬರುವ ಸಾವಿರಾರು ರೈತರಲ್ಲಿ ಇದನ್ನು ರೂಪಿಸಿದವರು ಯಾರು ಎಂದು ಬಲ್ಲವರು ಇರಲಾರರು. ಬೆಂಗಳೂರಿನ ವಾಸ್ತುಶಿಲ್ಪ ವಿದ್ಯಾರ್ಥಿಗಳಲ್ಲೂ ಎಷ್ಟು ಮಂದಿ ಬಲ್ಲರು ಎಂಬುದು ಪ್ರಶ್ನೆಯೇ. ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣವನ್ನು ನೋಡಲು ಹೊರದೇಶದಿಂದಲೂ ಜನ ಬರುತ್ತಾರೆ. ಬಾಲಕೃಷ್ಣ ದೋಶಿಯವರ ಆ ಕೆಲಸಕ್ಕೆ ಆ ಗೌರವ ಸಲ್ಲತಕ್ಕದ್ದೇ. ಆದರೆ ಅದಕ್ಕಿಂತ ಮೊದಲೇ ಇದೇ ಊರಿನ ಕಲ್ಲು, ಬೆಳಕು, ಗಾಳಿಗಳನ್ನು ಬಳಸಿ ಆವರಣ ಕಟ್ಟಬಹುದೆಂದು ಜಿಕೆವಿಕೆ ತೋರಿಸಿತ್ತು.

1970ರ ದಶಕದಲ್ಲಿ ಈ ಕಚೇರಿಯ ಕೈ ಇನ್ನಷ್ಟು ಧಾರಾಳವಾಯಿತು. ಗುಜರಾತಿನ ಮೆಹಸಾಣದ ದೂಧಸಾಗರ ಡೇರಿ ಅದಕ್ಕೆ ಉದಾಹರಣೆ. ನನ್ನ ಮಟ್ಟಿಗೆ ಕಾನವಿಂದೆಯವರ ಅತ್ಯುತ್ತಮ ಕಟ್ಟಡವೂ ಹೌದು. ಡೇರಿ ಎಂದರೆ ತಗಡಿನ ಶೆಡ್ಡು ಎಂದು ಎಲ್ಲರೂ ತಿಳಿದಿದ್ದ ಕಾಲ. ಹಾಲು ಕಾಯಿಸಿ ಪುಡಿಮಾಡುವ ಕೆಲಸದಲ್ಲಿ ಶಾಖ, ಹಬೆ ವಿಪರೀತ. ಅದನ್ನು ಹೊರಗೆ ಕಳುಹಿಸದಿದ್ದರೆ ಕೆಲಸಗಾರರು ಬೇಯುತ್ತಾರೆ. ಹಾಲನ್ನು ಒಮ್ಮೆ ಮೇಲಕ್ಕೆ ಏರಿಸಿದರೆ, ಸಾಧ್ಯವಾದಲ್ಲೆಲ್ಲ ಅದು ತನ್ನ ಭಾರಕ್ಕೇ ಹಂತಹಂತವಾಗಿ ಕೆಳಗಿಳಿಯುವಂತೆ ಕಟ್ಟಡವನ್ನು ಜೋಡಿಸಿದರು. ಬಿಸಿಗಾಳಿ ಹೊರಹೋಗುವ ಕೊಳವೆಗಳನ್ನು ಗೋಡೆಯೊಳಗೆ ಅಡಗಿಸದೆ ಚಾವಣಿಯ ಮೇಲೆ ಗೋಪುರಗಳಂತೆ ಎತ್ತರಿಸಿದರು. ದೂರದಿಂದ ನೋಡಿದರೆ ಕೋಟೆಯೊಂದು ನಿಂತಂತಿದೆ. ಹಾಲಿನ ಡಬ್ಬಿ ಹಿಡಿದು ಸಾಲುಗಟ್ಟಿ ನಿಲ್ಲುವ ಹಳ್ಳಿಯವರ ಸಹಕಾರ ಸಂಘಕ್ಕೆ ಇಂಥ ಠೀವಿಯ ಕಟ್ಟಡ ಬೇಕಿತ್ತೇ ಎಂದು ಕೇಳುವವರಿದ್ದರೆ, ಅವರದೇ ದುಡ್ಡಿನಲ್ಲಿ ಕಟ್ಟಿದ ಕಟ್ಟಡಕ್ಕೆ ಠೀವಿ ಏಕೆ ಬೇಡ ಎಂದು ತಿರುಗಿ ಕೇಳಬೇಕಾಗುತ್ತದೆ.

ಮೆಹಸಾಣದ ಆ ಗೋಪುರಗಳು ಮುಂದಿನ ಕೆಲಸಗಳಲ್ಲೂ ಬೇರೆ ಬೇರೆ ವೇಷದಲ್ಲಿ ಬಂದವು. ಮುಂಬಯಿಯ ವರ್ಲಿಯಲ್ಲಿ 1985ರಲ್ಲಿ ತೆರೆದ ನೆಹರೂ ವಿಜ್ಞಾನ ಕೇಂದ್ರ, ದೆಹಲಿಯ ಪ್ರಗತಿ ಮೈದಾನದ ಬಳಿ 1992ರಲ್ಲಿ ತೆರೆದ ರಾಷ್ಟ್ರೀಯ ವಿಜ್ಞಾನ ಕೇಂದ್ರ ಇಂಥವು. ಮೆಹಸಾಣದಲ್ಲಿ ಹಬೆ ಹೊರಹಾಕಲು ಹುಟ್ಟಿದ ಆಕಾರ ಇಲ್ಲಿ ಸ್ವಲ್ಪ ಅಭ್ಯಾಸಬಲದಿಂದ ಬಂದಂತೆ ತೋರುತ್ತದೆ. ಎಂಬತ್ತು ದಾಟಿದ ಮೇಲೆ, 1998ರಲ್ಲಿ, ದೆಹಲಿಯ ಇಸ್ಕಾನ್ ದೇವಸ್ಥಾನ ಮುಗಿಯಿತು. ಶಿಖರಗಳಿರುವ ಈ ಗುಡಿಯನ್ನು ಕಂಡು ಅವರ ಅಭಿಮಾನಿಗಳಲ್ಲೇ ಕೆಲವರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಅಲಂಕಾರವನ್ನು ಇಡೀ ಜೀವನ ದೂರವಿಟ್ಟವರು ಶಿಖರ ಎಬ್ಬಿಸಿದ್ದೇಕೆ? ಕಟ್ಟಿಸುವವರಿಗೆ ಏನು ಬೇಕೋ ಅದರಿಂದಲೇ ಶುರುಮಾಡುವುದು ಅವರ ಹಳೆಯ ಕ್ರಮ, ಭಕ್ತರಿಗೆ ಶಿಖರ ಬೇಕಿತ್ತು ಎಂದು ಸಮರ್ಥಿಸಬಹುದು. ಸಮರ್ಥನೆ ಸರಿಯೇ. ಕಟ್ಟಡ ಮಾತ್ರ ಅವರ ಮೇಲ್ತರಗತಿಯ ಕೆಲಸವಲ್ಲ.

ಗೌರವಗಳು ಬಂದವು. ಪದ್ಮಶ್ರೀ ದೊರೆಯಿತು, ಭಾರತೀಯ ವಾಸ್ತುಶಿಲ್ಪಿಗಳ ಸಂಸ್ಥೆಯ ಅಧ್ಯಕ್ಷರೂ ಆಗಿದ್ದರು. 2002ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ತೀರಿಕೊಂಡರು. ಕಚೇರಿ ಅವರೊಂದಿಗೆ ಮುಚ್ಚಲಿಲ್ಲ. ಮೊರಾದ್ ಚೌಧರಿ ಪಾಲುದಾರರಾಗಿ ಸೇರಿದ ಮೇಲೆ ಫಲಕದಲ್ಲಿ ಮೂರನೆಯ ಹೆಸರೂ ಬಂತು: ಕಾನವಿಂದೆ, ರಾಯ್ ಮತ್ತು ಚೌಧರಿ. ಮಗ ಸಂಜಯ್ ಕಾನವಿಂದೆ ಮತ್ತು ಬಿ.ಕೆ. ತನುಜಾ ಅದನ್ನು ಮುಂದುವರಿಸಿದರು; ಹಿರಿಯರ ಕೆಲಸದ ಬಗ್ಗೆ ದೊಡ್ಡ ಪುಸ್ತಕವೊಂದನ್ನೂ ತಂದರು. ಸ್ಥಾಪಕರು ಹೋದ ಮೇಲೂ ಉಳಿಯುವ ವಾಸ್ತುಶಿಲ್ಪ ಕಚೇರಿಗಳು ನಮ್ಮ ದೇಶದಲ್ಲಿ ಬೆರಳೆಣಿಕೆಯವು.

ಆ ಕಾಲದ ಕಟ್ಟಡಗಳಿಗೆ ಈಗ ಕಷ್ಟಕಾಲ. 2017ರಲ್ಲಿ ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ ಅನ್ನು ಕೆಡವಿದರು. ರಾಜ್ ರೇವಲ್ ಅವರ ವಿನ್ಯಾಸ, ಮಹೇಂದ್ರ ರಾಜ್ ಅವರ ಎಂಜಿನಿಯರಿಂಗ್, 1972ರ ಕಟ್ಟಡ. ಪಾರಂಪರಿಕ ಪಟ್ಟಿಗೆ ಸೇರಲು ಅದಕ್ಕೆ ವಯಸ್ಸು ಸಾಲದು ಎಂಬ ಕಾರಣವೂ ಕೆಡವುವವರಿಗೆ ಅನುಕೂಲವಾಯಿತು. ಕಾನವಿಂದೆ-ರಾಯ್ ಕಟ್ಟಡಗಳಿಗೆ ಈಗ ಅದೇ ವಯಸ್ಸು. ಸೋರುವ ಚಾವಣಿ, ತುಕ್ಕು ಹಿಡಿದ ಸರಳು, ಏಸಿ ಪೆಟ್ಟಿಗೆ ಕೂರಿಸಲು ಒಡೆದ ಗೋಡೆ, ಬಿಚ್ಚು ಕಾಂಕ್ರೀಟಿನ ಮೇಲೆ ಬಳಿದ ಬಣ್ಣ, ಹೊಸ ಕಟ್ಟಡಕ್ಕೆಂದು ಮುಚ್ಚಿದ ನಡಿಗೆ ದಾರಿ: ಅಳಿವು ಜೆಸಿಬಿಯಿಂದಲೇ ಬರಬೇಕೆಂದಿಲ್ಲ.

ಈ ಸಂಚಿಕೆ ಓದುವ ಎಸ್ಟೇಟ್ ಅಧಿಕಾರಿಗಳಲ್ಲಿ, ಎಂಜಿನಿಯರುಗಳಲ್ಲಿ, ಕುಲಸಚಿವರಲ್ಲಿ ಒಂದು ವಿನಂತಿ. ನಿಮ್ಮ ಆವರಣದ ಮೂಲ ನಕ್ಷೆಗಳು ಯಾವುದೋ ಸ್ಟೋರ್ ರೂಮಿನಲ್ಲಿ ಗೆದ್ದಲು ಹಿಡಿಯುತ್ತಿದ್ದರೆ ಹೊರತೆಗೆದು ಸ್ಕ್ಯಾನ್ ಮಾಡಿಸಿ, ಒಂದು ಪ್ರತಿಯನ್ನು ಹತ್ತಿರದ ವಾಸ್ತುಶಿಲ್ಪ ಕಾಲೇಜಿಗೆ ಕೊಡಿ. ಗೋಡೆ ಒಡೆಯುವ, ಅಂತಸ್ತು ಏರಿಸುವ ಎಸ್ಟಿಮೇಟ್‌ಗೆ ಸಹಿ ಹಾಕುವ ಮೊದಲು ಆ ಹಾಳೆಯನ್ನೊಮ್ಮೆ ನೋಡಿ. ಉದ್ಘಾಟಿಸಿದ ಗಣ್ಯರ ಹೆಸರಿರುವ ಫಲಕದ ಪಕ್ಕದಲ್ಲಿ ವಿನ್ಯಾಸ ಮಾಡಿದವರ ಹೆಸರಿಗೂ ಒಂದು ಫಲಕ ಹಾಕಿಸಿ, ಎಂಜಿನಿಯರ್ ಹೆಸರು ಸಮೇತ.